ಬಾಳವ್ವನ ಸಂತೆಯ ಚೀಲ

ಎಲ್ಲ ಊರಿನ ತಕ್ಕಡಿಯೂ ಸಾಮಾನು ತೂಗುತ್ತದೆ. ನಾನು ಸೊಸೆಯಾಗಿ ಹೋದ ಊರಿನ ತಕ್ಕಡಿ ಸಾಮಾನಿನ ಜೊತೆಗೆ ಕೊಳ್ಳುವವರ ಆಸೆಯನ್ನೂ ತೂಗುತ್ತದೆ. ಶಿವ ಇಟ್ಟ ಹಾಗೆ ಇರುವುದು. ಹೀಗೇಕೆ ಎಂದು ಕೇಳಿದವರು ಆ ಊರಲ್ಲಿ ಯಾರೂ ಇರಲಿಲ್ಲ. ಬದನೆಕಾಯಿ ಅಂದರೆ ಜೀವ ಬಿಡುವವನು ಹೋಗಿ ನಿಂತರೆ ನಾಲ್ಕು ಕಾಯಿ ಹಾಕುವಷ್ಟರಲ್ಲಿ ತಟ್ಟೆ ಧಡ್ಡನೆ ನೆಲಕ್ಕಿಳಿಯುತ್ತದೆ. ಬದನೆಕಾಯಿ ಕಂಡರೆ ಮೂಗು ಮುರಿಯುವವಳು ಅದೇ ದುಡ್ಡು ಕೊಟ್ಟು ನಿಂತರೆ, ಮಾರುವವಳು ಸುರಿದೇ ಸುರಿಯಬೇಕು, ತಟ್ಟೆ ಗಾಳಿಯಲ್ಲೇ ತೂಗಾಡುತ್ತಿರುತ್ತದೆ. ಕಾಳು, ಬೇಳೆ, ಬೆಲ್ಲ, ಎಣ್ಣೆ, ಎಲ್ಲಕ್ಕೂ ಇದೇ ನ್ಯಾಯ. ಮಾರುವವರ ತಪ್ಪೂ ಅಲ್ಲ, ಕಲ್ಲಿನ ತಪ್ಪೂ ಅಲ್ಲ.

ಹೀಗಿದ್ದ ಮೇಲೆ ಆ ಊರಿನ ಸಂಸಾರಸ್ಥರು ಕಲಿತ ಜಾಣತನವೇ ಬೇರೆ. ಹಸಿದುಕೊಂಡು ಸಂತೆಗೆ ಯಾರೂ ಹೋಗುವುದಿಲ್ಲ. ಉಂಡು, ತೇಗಿ, ಎಲೆಅಡಿಕೆ ಹಾಕಿಕೊಂಡು ಆಮೇಲೆ ಚೀಲ ಹಿಡಿಯುತ್ತಾರೆ. ಹಬ್ಬದ ಬೆಲ್ಲ ತರಲು ಸಿಹಿ ಮುಟ್ಟದ ಅಜ್ಜನನ್ನು ಎಬ್ಬಿಸಿ ಕಳಿಸುತ್ತಾರೆ. ಹೆಣ್ಣು ನೋಡಲು ಹೋದವರು ಹಾಡು ಬರುತ್ತದೆಯೇ, ಹಸೆ ಬರೆಯುತ್ತಾಳೆಯೇ ಎಂದು ಕೇಳುವುದಿಲ್ಲ. "ನಿಮ್ಮ ಹುಡುಗಿಗೆ ಏನೇನು ಸೇರೂದಿಲ್ಲ" ಎಂದು ಕೇಳುತ್ತಾರೆ. ನನ್ನ ಅಪ್ಪ ಪರವೂರಿನವನು, ಈ ಮರ್ಮ ಅವನಿಗೇನು ಗೊತ್ತು. "ನಮ್ಮ ಸುಗಲಾ ಎಲ್ಲಾ ತಿಂತಾಳ್ರಿ, ಏನೂ ತಕರಾರಿಲ್ಲ" ಎಂದು ಎದೆ ಉಬ್ಬಿಸಿ ಹೇಳಿದ. ಬಂದವರ ಮುಖ ಸಪ್ಪಗಾಯಿತು. ಒಬ್ಬರನ್ನೊಬ್ಬರು ನೋಡಿಕೊಂಡರು. ಆಗ ನನ್ನ ಅತ್ತೆಯಾಗುವವಳು, ಬಾಳವ್ವ, ಸೆರಗು ಸರಿಮಾಡಿಕೊಂಡು, "ತಿನ್ನಲಿ ಬಿಡ್ರಿ. ಸಂತಿಗೆ ನಾ ಅದೀನಲ್ಲ" ಅಂದಳು. ಆ ಒಂದು ಮಾತಿನ ಮೇಲೆ ನನ್ನ ಮದುವೆ ಗಟ್ಟಿಯಾಯಿತು.

ಹೊಸದರಲ್ಲಿ ನಾನೂ ಒಂದು ಉಪಾಯ ಹೇಳಿದ್ದೆ. ಅಕ್ಕನಿಗೋ ತಂಗಿಗೋ ಚೀಲ ಕೊಟ್ಟು ಕಳಿಸಬಾರದೇ, ತಿನ್ನುವವರು ಬೇರೆ, ತರುವವರು ಬೇರೆ ಆದರೆ ಆಸೆಯ ಕಾಟ ಎಲ್ಲಿಂದ ಎಂದು. ಅತ್ತೆ ನಕ್ಕಿದ್ದಳು. ಅದನ್ನೂ ಊರವರು ಹಿಂದೆಯೇ ಮಾಡಿ ನೋಡಿದ್ದರಂತೆ. ಅಕ್ಕನ ಮಕ್ಕಳು ಹೊಟ್ಟೆ ತುಂಬ ಉಣ್ಣಲಿ ಎಂಬ ತಂಗಿಯ ಆಸೆ ಅವಳ ಸ್ವಂತ ಆಸೆಗಿಂತ ಭಾರ. ಗೆಳತಿಯದೂ ಅಷ್ಟೆ. ಹೋದ ಚೀಲ ಹೋದ ಹಾಗೇ ತಿರುಗಿ ಬಂತು. ಅಂದಿನಿಂದ ಅವರವರ ಸಂತೆ ಅವರವರಿಗೆ ಎಂಬುದು ಊರಿನ ಕಟ್ಟಳೆಯಾಯಿತು.

ನನ್ನ ಅತ್ತೆ ಸಂತೆ ಮಾಡುವುದನ್ನು ನೋಡಲು ಜನ ನಿಲ್ಲುತ್ತಿದ್ದರು. ಅವಳಿಗೆ ಯಾವುದರ ಮೇಲೂ ಮನಸ್ಸಿರಲಿಲ್ಲ. ತಟ್ಟೆಯ ಕಡೆ ನೋಡುತ್ತಲೂ ಇರಲಿಲ್ಲ. ತುಟಿಯ ಮೇಲೆ ಶಿವನಾಮ, ಕಣ್ಣು ಎಲ್ಲೋ ದೂರದ ಬೇವಿನ ಗಿಡದ ಮೇಲೆ. ಬದನೆಕಾಯಿ ಮಾರುವ ಮಾಬೂಬಿ ಅವಳನ್ನು ಕಂಡರೆ ಬುಟ್ಟಿಯ ಮೇಲೆ ಗೋಣಿ ಎಳೆದು, "ಬಂದಳು ನೋಡು ಜಗದ್ಗುರು, ಇವತ್ತು ನನ್ನ ಮನಿ ಮುಳುಗ್ತು" ಎಂದು ನಗೆಯಾಡುತ್ತಿದ್ದಳು. ಅತ್ತೆ ತಂದ ಚೀಲ ಇಳಿಸಲು ನಮ್ಮ ಮನೆಯವರು ಹೊಲಿಗೆ ಮಷಿನ್ನು ಬಿಟ್ಟು ಎದ್ದು ಬರಬೇಕಾಗುತ್ತಿತ್ತು.

ತಂದಷ್ಟನ್ನೂ ಅವಳು ಉಡಾಯಿಸುತ್ತಿದ್ದಳು ಎಂದಲ್ಲ. ಬೇಳೆ ಬೇಯಿಸಿದ ಕಟ್ಟನ್ನು ಬಸಿದು ಒಂದು ದಿನದ ಸಾರು ಮಾಡಿ, ಉಳಿದ ಬೇಳೆಯಲ್ಲಿ ಮರುದಿನದ ಪಲ್ಯೆ. ಹೀರೇಕಾಯಿಯ ಸಿಪ್ಪೆ ಹುರಿದರೆ ಚಟ್ನಿ. ಒಣಗಿದ ರೊಟ್ಟಿಗೆ ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ಮಿದ್ದಿ ಮುಟಿಗಿ ಕಟ್ಟಿದರೆ, ನಮ್ಮ ಮನೆಯವರು ಬಿಸಿ ರೊಟ್ಟಿ ಬಿಟ್ಟು ಅದನ್ನೇ ಕೇಳುತ್ತಿದ್ದರು. ಜೋಳ ಬೀಸಿಸಿದರೆ ಹಿಟ್ಟು ಒಂದು ಕಡೆ, ನುಚ್ಚು ಒಂದು ಕಡೆ. ಮೂಲಂಗಿಯ ಸೊಪ್ಪು ಎಸೆದ ದಿನ ನನಗೆ ಬೈಗುಳ ಬಿತ್ತು, ಅದೂ ಮೆಲ್ಲಗೆ: "ಶಿವ ಎರಡು ಪಲ್ಯೆ ಕೊಟ್ಟಾನ, ನೀ ಒಂದು ತಿಪ್ಪಿಗೆ ಒಗದಿ." ಹೀಗೆ ಉಳಿಸಿದ್ದೆಲ್ಲ ಮಠದ ಗಡಿಗೆಗಳಿಗೆ ಹೋಗುತ್ತಿತ್ತು. ಅವು ನಮ್ಮ ದೇವರ ಗೂಡಿನ ಕೆಳಗಿದ್ದ ಸಾಲು ಗಡಿಗೆಗಳು. ಪ್ರತಿ ಸಂತೆಯ ಜೋಳ, ಬೇಳೆ, ಗೋಧಿಯಲ್ಲಿ ಒಂದು ಪಾಲು ಅವಕ್ಕೆ.

ಯಾಕೆಂದರೆ ನಮ್ಮ ಓಣಿಯ ತುದಿಯಲ್ಲಿ ಮಠ. ಸೋಮವಾರ ಅಲ್ಲಿ ದಾಸೋಹ. ಯಾರು ಬಂದರೂ, ಎಷ್ಟು ಜನ ಬಂದರೂ ಊಟ. ಅದನ್ನು ನಡೆಸಲು ಓಣಿಯ ಮನೆಗಳಿಗೆ ಪಾಳಿ. ಕಾರ್ತಿಕದ ಕಡೇ ಸೋಮವಾರ ನಮ್ಮ ಮನೆಯ ಪಾಳಿ. ಸುತ್ತಲ ಹಳ್ಳಿಯ ಜನವೆಲ್ಲ ಬಂದು ಕೂಡುವ ದಿನ ಅದು. ಅತ್ತೆಯ ಅತ್ತೆಯ ಕಾಲದಿಂದ ಆ ಪಾಳಿ ನಮ್ಮದು. ನಡೆಸಲಾರದ ಮನೆಯ ಪಾಳಿ ಎದುರು ಮನೆಗೆ ಹೋಗುತ್ತದೆ, ಹೋದದ್ದು ತಿರುಗಿ ಬರುವುದಿಲ್ಲ. ನಮ್ಮ ಎದುರು ಮನೆ ಕಲ್ಲವ್ವನದು.

ಕಲ್ಲವ್ವ ಅತ್ತೆಯ ಓರಗೆಯವಳು. ಇಬ್ಬರೂ ಒಂದೇ ಹಂಗಾಮಿನಲ್ಲಿ ಆ ಓಣಿಗೆ ಮದುವೆಯಾಗಿ ಬಂದವರಂತೆ, ಅಂದಿನಿಂದ ಒಬ್ಬರ ನೆರಳು ಒಬ್ಬರಿಗೆ ಆಗದು. ಜಗಳ ಎಲ್ಲಿಂದ ಹುಟ್ಟಿತು ಎಂದು ಕೇಳಿದರೆ ಅತ್ತೆ, "ಆಕಿ ಮಾರಿ ನೋಡು, ಗೊತ್ತಾಗ್ತೈತಿ" ಅನ್ನುತ್ತಿದ್ದಳು. ಸಂತೆಯಿಂದ ಬಂದ ಕಲ್ಲವ್ವ ತನ್ನ ತುಂಬಿದ ಚೀಲವನ್ನು ಕಟ್ಟೆಯ ಮೇಲೆ ಎಲ್ಲರಿಗೂ ಕಾಣುವಂತೆ ಇಟ್ಟು, ನೀರು ಕುಡಿದು, ಸುಧಾರಿಸಿಕೊಂಡೇ ಒಳಗೆ ಒಯ್ಯುತ್ತಿದ್ದಳು.

ಆ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅತ್ತೆಗೆ ಜ್ವರ ಬಂತು. ಹಾಸಿಗೆ ಹಿಡಿದಳು. ಬಾಯಿ ಕಹಿ, ಗಂಜಿ ಸಹ ಇಳಿಯದು. ನಾವು ಹೆದರಿದ್ದೆವು. ಶಿವನ ದಯೆ, ಜ್ವರ ಬಿಟ್ಟಿತು. ಬಿಟ್ಟ ದಿನ ಅವಳು ಎದ್ದು ಗೋಡೆಗೆ ಒರಗಿ ಕುಳಿತು, ಅಡುಗೆಮನೆಯ ಕಡೆ ಮುಖ ಮಾಡಿ ಹೇಳಿದ ಮೊದಲ ಮಾತು: "ಸುಗಲಾ, ಎಣ್ಣಿಗಾಯಿ ಮಾಡೀಯೇನು? ಬದನಿಕಾಯಾಗ ಶೇಂಗಾ ಜಾಸ್ತಿ ತುಂಬು."

ಅವಳು ಬಾಯಿಬಿಟ್ಟು ಒಂದು ಅಡುಗೆ ಕೇಳಿದ್ದು ನಾನು ಆ ಮನೆಗೆ ಬಂದ ಮೇಲೆ ಅದೇ ಮೊದಲು. ಸಂತೋಷದಿಂದ ಮಾಡಿದೆ. ತಟ್ಟೆ ಒರೆಸಿ ಉಂಡಳು. ಮರುದಿನ ಹೋಳಿಗೆ. ಅದರ ಮರುದಿನ ಪುಂಡಿ ಪಲ್ಯೆ. ಮನೆಯಲ್ಲಿ ಹಬ್ಬದ ಹಾಗೆ ಇತ್ತು, ಸಂತೆಯ ದಿನದವರೆಗೆ. ಆವತ್ತು ಅತ್ತೆ ಎಂದಿನಂತೆ ಉಂಡು, ಎಲೆಅಡಿಕೆ ಹಾಕಿಕೊಂಡು ಹೋದಳು. ಬಂದಾಗ ಚೀಲ ಇಳಿಸಲು ಯಾರೂ ಏಳಬೇಕಾಗಲಿಲ್ಲ. ಅದು ಅವಳ ಕೈಯಲ್ಲಿ ತೊಗಲಿನಂತೆ ನೇತಾಡುತ್ತಿತ್ತು.

"ಏನಾತ್ರಿ ಅತ್ತಿ?" ಅಂದೆ.

"ಶಿವನಾಮ ಹಿಡದೆ. ಬೇವಿನ ಗಿಡಾನೂ ನೋಡಿದೆ," ಅಂದಳು. "ಗಿಡದಾಗ ಬದನಿಕಾಯಿ ಕಂಡ್ವು."

ಮುಂದಿನ ಸಂತೆಗೆ ನಾನು ಹೋದೆ. ನನ್ನ ಕಥೆ ಕೇಳಬೇಡಿ. ಎಲ್ಲ ತಿನ್ನುವ ಹುಡುಗಿ ಎಂದು ಅಪ್ಪ ಹೇಳಿದ್ದು ಸುಳ್ಳಲ್ಲ ಎಂದು ಊರಿಗೆಲ್ಲ ತಿಳಿಯಿತು. ಅದರ ಮುಂದಿನದಕ್ಕೆ ನಮ್ಮ ಮನೆಯವರು ಹೋದರು. ಬೇಳೆ ಕೊಳ್ಳುತ್ತ ನಿಂತಾಗ ಪಕ್ಕದಲ್ಲಿ ಯಾರೋ ಮಿರ್ಚಿ ಬಜ್ಜಿ ಕರಿಯುತ್ತಿದ್ದರಂತೆ. ಬಜ್ಜಿಯ ಆಸೆ ಬೇಳೆಯ ತಟ್ಟೆಗೆ ಬಿತ್ತೋ ಏನೋ, ಒಂದು ಹಿಡಿ ಬೇಳೆ, ಒಂದಿಷ್ಟು ಒಣಮೆಣಸಿನಕಾಯಿ ತಂದು ನನ್ನ ಮುಂದಿಟ್ಟು, "ನನ್ನ ಅಳತಿ ಪಟ್ಟಿ ಎಲ್ಲಿ ಇಟ್ಟಿ" ಎಂದು ಮಷಿನ್ನಿನ ಹಿಂದೆ ಅಡಗಿದರು.

ಅಡುಗೆಯಲ್ಲಿ ಎಷ್ಟು ಜಗ್ಗಬಹುದೋ ಅಷ್ಟು ಜಗ್ಗಿದೆವು. ಸಾರು ತೆಳುವಾಯಿತು, ಒಗ್ಗರಣೆಗೆ ಎಣ್ಣೆ ತೋರಿಸಿ ತೆಗೆಯುವಂತಾಯಿತು, ನುಗ್ಗೆಸೊಪ್ಪು ಪುಕ್ಕಟೆ ಸಿಗುತ್ತದೆಂದು ವಾರವೆಲ್ಲ ನುಗ್ಗೆಸೊಪ್ಪೇ ಆಯಿತು. ಹೊಟ್ಟೆ ಹೇಗೋ ತುಂಬುತ್ತಿತ್ತು. ಮಠದ ಗಡಿಗೆಗಳಿಗೆ ಮಾತ್ರ ಒಂದು ಕಾಳೂ ಬೀಳಲಿಲ್ಲ. ಅತ್ತೆ ಪೂಜೆ ಮುಗಿಸಿ ಅವುಗಳ ಬಾಯೊಳಗೆ ಕೈ ಹಾಕಿ ನೋಡುವಳು. ಜ್ವರಕ್ಕೆ ಮೊದಲು ಹಾಕಿದ್ದು ಅರ್ಧ ಮೊಳದಷ್ಟು ಇತ್ತು, ಹಾಗೇ ಇತ್ತು. ಕಾರ್ತಿಕ ಹತ್ತಿರ ಬರುತ್ತಿತ್ತು.

"ನಮ್ಮತ್ತಿ ಕೈಯಿಂದ ನನ್ನ ಕೈಗೆ ಬಂದ ಪಾಳಿ," ಎಂದು ಒಮ್ಮೆ ನನಗೆ ಹೇಳಿದಳು, "ನನ್ನ ನಾಲಿಗಿ ತಿಂದು ಹಾಕ್ತೈತೇನ ಸುಗಲಾ?"

ಎದುರು ಕಟ್ಟೆಯಿಂದ ಕಲ್ಲವ್ವ, ಅಕ್ಕಿ ಆರಿಸುತ್ತ, ಯಾರಿಗೋ ಹೇಳಿದಂತೆ ಹೇಳುತ್ತಿದ್ದಳು: "ಇಳಿಗಾಲಕ್ಕ ಬಾಯಿಚಪಲ ಬಂದ್ರ ಮನಿ ಉಳೀತದೇನವ್ವ? ಮಠದ ಹಂಡೇ ಹೊರಾಕ ನಾವ ರಟ್ಟಿ ಗಟ್ಟಿ ಮಾಡ್ಕೋಬೇಕು ಕಾಣ್ತದ."

ಆಗ ಅತ್ತೆ ಮಾಡಿದ್ದು ಆ ಊರವರು ಯಾರೂ ಮಾಡಲಾರದ ಕೆಲಸ. ಹಸಿದು ಸಂತೆಗೆ ಹೋಗಬಾರದು ಎಂಬುದು ಅಲ್ಲಿಯ ಕೂಸಿಗೂ ಗೊತ್ತು. ಅವಳು, "ಹಸಿವಿ ಬ್ಯಾರೆ, ವ್ರತ ಬ್ಯಾರೆ" ಅಂದಳು. ಉಪವಾಸ ಹಿಡಿದು ನಾಲಿಗೆಯನ್ನು ಸಾಯಿಸುತ್ತೇನೆ ಎಂದು ಸಂಕಲ್ಪ ಮಾಡಿದಳು. ಬರೀ ನೀರು, ವಿಭೂತಿ, ಜಪ. ನಾನು ಬೇಡವೆಂದೆ, ನಮ್ಮ ಮನೆಯವರು ಕಾಲು ಹಿಡಿದರು, ಕೇಳಲಿಲ್ಲ. ಸಂತೆಯ ದಿನ ಅವಳ ಮುಖದ ಮೇಲೆ ಒಂದು ಬೆಳಕು ಇತ್ತು, ಅದು ನಿಜ. ಜ್ವರಕ್ಕೆ ಬಳಲಿದ ಜೀವ ಕಾಲೆಳೆಯುತ್ತಿತ್ತು, ಅದೂ ನಿಜ. ಚೀಲ ಹಿಡಿದು ನಾನು ಹಿಂದೆಯೇ ಹೋದೆ.

ಮಾಬೂಬಿ ಅವಳನ್ನು ಕಂಡು ಈಗ ಗೋಣಿ ಎಳೆಯುತ್ತಿರಲಿಲ್ಲ. ಮರುಕದಿಂದ ಒಳ್ಳೆಯ ಕಾಯಿ ಆರಿಸಿ ತಟ್ಟೆಗೆ ಇಟ್ಟಳು. ಒಂದು ಕಾಯಿ. ತಟ್ಟೆ ನೆಲ ಮುಟ್ಟಿತು. ಅತ್ತೆ ಆ ಒಂದು ಬದನೆಕಾಯಿಯನ್ನು ನೋಡಿದಳು, ತಟ್ಟೆಯನ್ನು ನೋಡಿದಳು, "ಶಿವಾ" ಅಂದು ನನ್ನ ತೋಳ ಮೇಲೆ ಒರಗಿ ಕುಸಿದಳು.

ಜನ ಸೇರಿದರು. ಯಾರೋ ನೀರು ಚಿಮುಕಿಸಿದರು, ಯಾರೋ ಸೆರಗು ಬೀಸಿದರು. ಪಕ್ಕದಲ್ಲೇ ಈರುಳ್ಳಿ ಕೊಳ್ಳುತ್ತಿದ್ದ ಕಲ್ಲವ್ವ ನೋಡುತ್ತ ನಿಂತಿದ್ದಳು. ಒಬ್ಬ ಮುದುಕ, "ಎದುರ ಮನಿಯಾಕಿ, ಕಂಬದ ಗತೆ ನಿಂತೀಯಲ್ಲಬೇ. ಆ ಸೊಸಿ ಅತ್ತೀನ್ನ ಹಿಡೀಲೋ, ಸಂತಿ ಮಾಡ್ಲೋ?" ಎಂದು ಗದರಿದ. ಅಷ್ಟು ಮಂದಿಯ ಮುಂದೆ ಇಲ್ಲ ಅನ್ನುವುದು ಹೇಗೆ. ಕಲ್ಲವ್ವ ನನ್ನ ಕೈಯಿಂದ ಚೀಲ, ದುಡ್ಡಿನ ಗಂಟು ಎರಡನ್ನೂ ಕಿತ್ತುಕೊಂಡಳು.

"ಏನ ಬೇಕು ನಿಮ್ಮತ್ತಿಗೆ?"

"ಬದನಿಕಾಯಿ, ತೊಗರಿಬ್ಯಾಳಿ, ಜ್ವಾಳ," ಅಂದೆ.

"ತಿನ್ನಲಿ. ತಿಂದು ಮೆರೀಲಿ," ಎಂದು ಗೊಣಗಿ ಮಾಬೂಬಿಯ ಮುಂದೆ ನಿಂತಳು.

ಮಾಬೂಬಿ ಕಾಯಿ ಹಾಕಿದಳು. ತಟ್ಟೆ ಅಲುಗಲಿಲ್ಲ. ಎರಡು ಕೈಯಿಂದ ಬಾಚಿ ಹಾಕಿದಳು. ತಟ್ಟೆ ಆಕಾಶದಲ್ಲೇ ಇತ್ತು. ಬುಟ್ಟಿ ಬಗ್ಗಿಸಿ ಸುರಿದಳು. ಕಾಯಿ ತಟ್ಟೆಯಿಂದ ಉರುಳಿ ಬೀಳತೊಡಗಿದವು, ಕಲ್ಲಿನ ಕಡೆಯ ತಟ್ಟೆ ನೆಲ ಬಿಟ್ಟು ಏಳಲೊಲ್ಲದು. "ಯಕ್ಕಾ, ತಕ್ಕಡಿಗೆ ದೆವ್ವ ಹೊಕ್ಕೈತೇನ?" ಎಂದು ಮಾಬೂಬಿ ಹಿಂದೆ ಸರಿದು ಕುಳಿತಳು. ಬೇಳೆಯಂಗಡಿಯಲ್ಲೂ ಹಾಗೇ, ಜೋಳದ ರಾಶಿಯಲ್ಲೂ ಹಾಗೇ. ಬಾಳವ್ವನ ಒಳ್ಳೆಯ ಕಾಲದಲ್ಲೂ ಊರು ಅಂಥ ತೂಕ ಕಂಡಿರಲಿಲ್ಲ. ಚೀಲ ಸಾಲದೆ ಕಲ್ಲವ್ವ ತನ್ನ ಸೆರಗಿನಲ್ಲಿ ಕಟ್ಟಿಕೊಂಡು ಬಂದಳು. ಅದನ್ನೆಲ್ಲ ನಮ್ಮ ಮುಂದೆ ಇಳಿಸುವಾಗ ಅವಳ ಮುಖದಲ್ಲಿ ಬೆವರಿಗಿಂತ ಗಾಬರಿಯೇ ಹೆಚ್ಚು. ಏನೂ ಮಾತಾಡದೆ ಹೋಗಿಬಿಟ್ಟಳು.

ಮನೆಯಲ್ಲಿ ಅತ್ತೆ ಮಜ್ಜಿಗೆ ಕುಡಿದು ಚೇತರಿಸಿಕೊಂಡು ಆ ರಾಶಿಯನ್ನು ನೋಡುತ್ತ ಕುಳಿತಳು. "ಕಲ್ಲವ್ವಗ ವೈರಾಗ್ಯ ಬಂತೇನ? ಶರಣರಿಗೂ ಇಷ್ಟು ತೂಗೂದಿಲ್ಲಲ್ಲ."

ನಾನು ಬದನೆಕಾಯಿಯ ತೊಟ್ಟು ಬಿಡಿಸುತ್ತಿದ್ದೆ. ಹೇಳಲೋ ಬೇಡವೋ ಎಂದು ಅನುಮಾನಿಸಿ ಹೇಳಿದೆ: "ವೈರಾಗ್ಯ ಅಲ್ರಿ ಅತ್ತಿ. ನಾವು ಉಣ್ಣೂದು ಆಕೀಗೆ ಬೇಕಾಗಿಲ್ಲ. ಒಂದು ಕಾಳಿನಷ್ಟೂ ಬೇಕಾಗಿಲ್ಲ. ತಕ್ಕಡಿ ಅದನ್ನ ತೂಗೇತಿ."

ಅತ್ತೆ ನನ್ನನ್ನೇ ನೋಡಿದಳು. ಆಮೇಲೆ ಅವಳ ಹೊಟ್ಟೆ ಅಲುಗಿತು, ಭುಜ ಅಲುಗಿತು, ಜ್ವರ ಬಂದಾಗಿನಿಂದ ನಗದವಳು ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಹೌದಲ್ಲ ತಂಗಿ. ಊರೆಲ್ಲಾ ಬೇಕಾದವರ ಕೈಯಾಗ ಚೀಲ ಕೊಟ್ಟು ಕೆಟ್ಟೈತಿ. ಬ್ಯಾಡಾದವರ ಕೈಯಾಗ ಕೊಡೂ ಬುದ್ಧಿ ಯಾರಿಗೂ ಹೊಳೀಲಿಲ್ಲ."

ಹೊಳೆದದ್ದೇನೋ ಸರಿ, ಹೋಗಿ ಕಲ್ಲವ್ವನನ್ನು ಕೇಳುವವರು ಯಾರು. ಒಂದು ಸಂತೆಯ ರಾಶಿಯಿಂದ ದಾಸೋಹ ಆಗುವುದಿಲ್ಲ. ಅತ್ತೆ ಪೂಜೆಯಲ್ಲಿ ಬಹಳ ಹೊತ್ತು ಕುಳಿತಳು. ಎದ್ದು, ಮಡಚಿದ ಚೀಲ ಕಂಕುಳಲ್ಲಿಟ್ಟುಕೊಂಡು, ಓಣಿ ದಾಟಿ, ಮದುವೆಯಾಗಿ ಬಂದಾಗಿನಿಂದ ಹತ್ತದಿದ್ದ ಆ ಕಟ್ಟೆಯನ್ನು ಹತ್ತಿದಳು. ನಾನು ಮೆಟ್ಟಿಲ ಹತ್ತಿರ ನಿಂತೆ.

"ಕಲ್ಲವ್ವ, ನಿನ್ನ ಕಡೆ ಕೆಲಸ ಐತಿ," ಅಂದಳು ಅತ್ತೆ. "ಕಾರ್ತಿಕ ಮುಗಿಯೂತನಾ ನಮ್ಮ ಸಂತಿ ನೀ ಮಾಡಬೇಕು. ನನ್ನ ಕಂಡ್ರ ನಿನಗ ಆಗೂದಿಲ್ಲ ಅನ್ನೂದು ಗೊತ್ತೈತಿ. ಅದಕ್ಕ ಬಂದೀನಿ."

ಕಲ್ಲವ್ವ ಮೊರವನ್ನು ಕೆಳಗಿಟ್ಟಳು. "ನಾ ಯಾಕ ಮಾಡ್ಲಿ? ನೀ ಮಾಡ್ಲಿಲ್ಲಂದ್ರ ಪಾಳಿ ನನಗ ಬರ್ತೈತಿ."

"ಬರ್ತೈತಿ," ಅಂದಳು ಅತ್ತೆ. "ನಡಸ್ತೀ?"

ಕಲ್ಲವ್ವ ಎದ್ದು ಒಳಗೆ ಹೋಗಿ ತನ್ನ ಸಂತೆಯ ಚೀಲ ತಂದು ಅತ್ತೆಯ ಮುಂದೆ ಸುರಿದಳು. ಮೇಲೆ ಒಂದಿಷ್ಟು ಈರುಳ್ಳಿ, ಒಂದು ಸಣ್ಣ ಬೆಲ್ಲದ ಉಂಡೆ. ಅದರ ಕೆಳಗೆ ಹೊದೆಯುವ ಹಳೆಯ ಕೌದಿಯ ಮುದ್ದೆ.

"ಬೆಲ್ಲಾ ಅಂದ್ರ ನನ್ನ ಜೀವ ಬಾಳವ್ವ," ಅಂದಳು, ಕೌದಿಯ ಕಡೆ ನೋಡುತ್ತ. "ಶೇಂಗಾ, ತುಪ್ಪ, ಎಲ್ಲಾ ಬೇಕು ನನಗ. ಮದಲಿಂದೂ ಬೇಕು. ನಿನ್ನ ಚೀಲದ ಮುಂದ ನನ್ನ ಚೀಲ ಸಣ್ಣದು ಕಾಣಬಾರ್ದು ಅಂತ ಹಿಂಗ ತುರುಕಿದೆ. ನೀ ಮಲಗಿದಾಗಿಂದ ನನಗ ಒಂದ ಅಂಜಿಕಿ: ಪಾಳಿ ಎಲ್ಲಿ ನನ್ನ ಕುತ್ತಿಗಿಗೆ ಬೀಳ್ತೈತೋ ಅಂತ. ಬಾಯಾಗ ಮಾತ್ರ ಬಡಾಯಿ."

ಅತ್ತೆ ಬಾಗಿ ಕೌದಿಯನ್ನು ಎತ್ತಿ ಮಡಚಿ ಪಕ್ಕಕ್ಕಿಟ್ಟಳು. "ಚೀಲ ಇಲ್ಲಿ ಕೊಡು," ಅಂದಳು. "ನಿನ್ನ ಮನಿಗೆ ಬೆಲ್ಲ ಸಿಗಲಿ ಅಂತ ನನಗೂ ಏನ ಆಸೆ ಇಲ್ಲ."

ಹೀಗೆ ಚೀಲಗಳು ಓಣಿ ದಾಟಿದವು. ಅತ್ತೆ ಕಲ್ಲವ್ವನ ಸಂತೆ, ಕಲ್ಲವ್ವ ನಮ್ಮ ಸಂತೆ. ಜನ ನಗಲಿಲ್ಲ, ತೂಕ ನೋಡಿದವರು ಯಾಕೆ ನಗುತ್ತಾರೆ. ಕೆಲವು ದಿನಗಳಲ್ಲಿ ಊರ ತುಂಬ ಮಾತಾಡದ ನಾದಿನಿ ಅತ್ತಿಗೆಯರು, ಪಾಲಾದ ಅಣ್ಣತಮ್ಮಂದಿರು, ಕೋಳಿಯ ಸಲುವಾಗಿ ಮುಖ ಮುರಿದುಕೊಂಡ ನೆರೆಯವರು ಒಬ್ಬರನ್ನೊಬ್ಬರು ಹುಡುಕಿಕೊಂಡು ಹೋಗಿ ಚೀಲ ಕೊಡತೊಡಗಿದರು. ಮಾಬೂಬಿ ಮಾತ್ರ, "ಊರಾಗ ಇಷ್ಟು ಜಗಳ ಅದಾವಂತ ಗೊತ್ತಿದ್ರ ನಾ ಬದನಿಕಾಯಿ ಬಿಟ್ಟು ಕಟಗಿ ಮಾರಾಕ ಹೋಗ್ತಿದ್ದೆ" ಎಂದು ಹಣೆ ಬಡಿದುಕೊಂಡಳು. ಆಮೇಲೆ ತನ್ನ ಮನೆಯ ಚೀಲವನ್ನು ಎದುರು ಸಾಲಿನ ಟೊಮೆಟೊದವಳಿಗೆ ಅವಳೇ ಕೊಟ್ಟಳು.

ನಮ್ಮ ಗಡಿಗೆಗಳು ತುಂಬಿದವು. ಅತ್ತೆ ಕೈ ಹಾಕಿದರೆ ಬೆರಳಿನ ತುದಿ ಮುಳುಗುವಷ್ಟು ಜಾಗ ಉಳಿಯಲಿಲ್ಲ. ಅವಳ ಎದೆಯ ಮೇಲಿನ ಕಲ್ಲು ಇಳಿದದ್ದು ಅವಳು ನಿದ್ದೆ ಮಾಡುವ ರೀತಿಯಲ್ಲೇ ಗೊತ್ತಾಗುತ್ತಿತ್ತು.

ಕಡೇ ಸೋಮವಾರ ಮಠದ ಅಂಗಳದಲ್ಲಿ ಒಲೆ ಹೂಡಿದೆವು. ಗೋಧಿ ಹುಗ್ಗಿ, ನುಚ್ಚು, ಕಟ್ಟಿನ ಸಾರು, ಎಣ್ಣೆಗಾಯಿ, ರೊಟ್ಟಿ. ಕಲ್ಲವ್ವ ಕರೆಯದೆ ಬಂದು ನನ್ನ ಪಕ್ಕ ಕುಳಿತು ರೊಟ್ಟಿ ಬಡಿದಳು. "ನಿನ್ನ ರೊಟ್ಟಿ ಕೌದಿಯಂಗ ದಪ್ಪ ಅದಾವ" ಎಂದು ಅತ್ತೆ ಚುಚ್ಚಿದಳು. "ನಿನ್ನ ನಾಲಿಗಿಗಿಂತ ತೆಳ್ಳಗದಾವ" ಎಂದು ಕಲ್ಲವ್ವ ತಿರುಗಿ ಚುಚ್ಚಿದಳು. ಪಂಕ್ತಿಯ ಮೇಲೆ ಪಂಕ್ತಿ ಎದ್ದಿತು. ಯಾರೂ ಅರೆಹೊಟ್ಟೆಯಲ್ಲಿ ಹೋಗಲಿಲ್ಲ. ಮಠದ ಸ್ವಾಮಿಗಳಾದ ಅಜ್ಜಾರು ಎರಡನೇ ಸಲ ಎಣ್ಣೆಗಾಯಿ ಕೇಳಿ ಹಾಕಿಸಿಕೊಂಡರು, ಕೇಳುವಾಗ ಸಣ್ಣ ಮಕ್ಕಳಂತೆ ನಕ್ಕರು. ಅದನ್ನು ನೋಡಿ ಅತ್ತೆಯ ಮನಸ್ಸಿನಲ್ಲಿ ಏನು ಸಡಿಲಾಯಿತೋ, ಕಡೆಯ ಪಂಕ್ತಿಯಲ್ಲಿ ತಾನೂ ಕುಳಿತು, ಅಷ್ಟು ಜನದ ಮುಂದೆ, "ಇನ್ನೊಂದು ಕಾಯಿ ಹಾಕು ಸುಗಲಾ, ದೊಡ್ಡದು ನೋಡಿ" ಅಂದಳು. ಬೇಕು ಅನ್ನುವ ಮಾತನ್ನು ಅವಳು ನಾಚದೆ ಆಡಿದ್ದು ಅಂದು. ಬೇಡ ಅನ್ನುವುದೊಂದೇ ಭಕ್ತಿ ಎಂದು ಆ ಊರು ತಿಳಿದಿತ್ತು. ಕೊಟ್ಟದ್ದನ್ನು ರುಚಿಯಿಂದ ಉಣ್ಣುವುದೂ ಒಂದು ಪೂಜೆಯೇ ಎಂದು ನನಗೆ ಅವಳ ಮುಖ ನೋಡಿ ಅನ್ನಿಸಿತು.

ಕಾರ್ತಿಕ ಮುಗಿದರೂ ಚೀಲ ಬದಲಾಯಿಸುವುದು ನಿಲ್ಲಲಿಲ್ಲ. ಸಂತೆಯ ಬೆಳಿಗ್ಗೆ ಇಬ್ಬರೂ ತಮ್ಮ ತಮ್ಮ ಕಟ್ಟೆಯ ಮೇಲೆ ನಿಂತು ಸ್ವಲ್ಪ ಹೊತ್ತು ಜಗಳ ಆಡುವರು, ತೂಕ ಚೆನ್ನಾಗಿ ಬರಲಿ ಎಂದು. ಹಳೆಯ ಎಮ್ಮೆಯ ಕರು, ಕಳೆದುಹೋದ ಸೌಟು, ಯಾರ ಬೀಗರು ಯಾರ ಮನೆಯಲ್ಲಿ ಮೊದಲು ನೀರು ಕುಡಿದರು, ಸಿಕ್ಕಿದ್ದನ್ನೆಲ್ಲ ತೆಗೆಯುವರು. ಆಮೇಲೆ ಚೀಲ ಹಿಡಿದು, ಒಂದೇ ದಾರಿಯಲ್ಲಿ, ಪಕ್ಕಪಕ್ಕದಲ್ಲೇ ಹೋಗುವರು.

ಮಾಘದ ಒಂದು ಸಂತೆಯ ದಿನ ಕಲ್ಲವ್ವ ನಮ್ಮ ಚೀಲ ತಂದು ಒಳಗಿಟ್ಟು, ಹೋಗದೆ ಬಾಗಿಲಲ್ಲೇ ನಿಂತಳು. "ಈ ಸಲ ಚೂರು ಕಡಿಮಿ ಬಂತು," ಅಂದಳು. "ಮಾಬೂಬಿ ಕಡೆ ತಟ್ಟಿ ಲಗೂನ ಇಳೀತು."

ಅತ್ತೆ ಎದ್ದು ಬಂದು ಚೀಲ ಎತ್ತಿ ನೋಡಿದಳು. ಹೌದು, ಕಡಿಮೆ ಇತ್ತು.

"ಯಾಕ, ದಾರ್ಯಾಗ ನನ್ನ ಬಯ್ಯೂದು ಮರತೇನು?"

"ಬೈದೆ. ಸಂತಿ ಮುಟ್ಟೂತನಾ ಬೈಕೋತನ ಹೋಗೀನಿ," ಅಂದಳು ಕಲ್ಲವ್ವ. ಸೆರಗಿನ ತುದಿ ಬೆರಳಿಗೆ ಸುತ್ತಿದಳು. "ಬಾಯಿ ಅಷ್ಟ ಬೈತು."

ಅತ್ತೆ ಚೀಲವನ್ನು ಮೆಲ್ಲಗೆ ಕೆಳಗಿಟ್ಟಳು. ಅವಳ ಮುಖದಲ್ಲಿ ಅಂಜಿಕೆ ಹುಡುಕಿದೆ, ಕಾಣಲಿಲ್ಲ.

"ಬ್ಯಾಳಿ ಒಂದು ಹಿಡಿ ಕಡಿಮಿ, ನೀರು ಒಂದು ತಂಬಿಗಿ ಹೆಚ್ಚು, ಅಷ್ಟ ಅಲ್ಲೇನು," ಅಂದಳು. "ಬಾಗಲದಾಗ ನಿಂದ್ರಬ್ಯಾಡ, ಒಳಗ ಬಾ. ಉಂಡು ಹೋಗು."